ಮಂಡಿಗಿಂತ ಮೊದಲು ಕಂಕುಳು

ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಬ್ರೆಜಿಲಿಯನ್ ಜಿಯು ಜಿತ್ಸುನಲ್ಲಿ ಹಾಗಲ್ಲ. ಅಂಗಾತ ಮಲಗಿದವನು ಕಾಲುಗಳನ್ನೇ ಬೇಲಿ ಮಾಡಿಕೊಂಡು ಕಾಯುತ್ತಿರುತ್ತಾನೆ. ಆ ಬೇಲಿಯೇ ಗಾರ್ಡ್. ಅದನ್ನು ದಾಟಿ ಪಕ್ಕಕ್ಕೆ ಹೋಗಿ ಒತ್ತಿ ಹಿಡಿಯುವುದು ಗಾರ್ಡ್ ಪಾಸ್. ದಾರಿಗಳು ಹತ್ತಾರಿವೆ. ಹೊಸಬರು ಮೊದಲ ಆರು ತಿಂಗಳು ಒಂದನ್ನೇ ಕಲಿಯಲಿ: ‘ನೀ ಕಟ್’ (knee cut), ಅಂದರೆ ಎದುರಾಳಿಯ ತೊಡೆಯ ಮೇಲೆ ಮಂಡಿ ಜಾರಿಸಿ ದಾಟುವುದು. ಯೂಟ್ಯೂಬ್ ನೋಡಿ ದಿನಕ್ಕೊಂದು ಹೊಸ ಪಾಸ್ ತರುವವರು ಯಾವುದನ್ನೂ ಪೂರ್ತಿ ಮಾಡಿದ್ದು ನಾನು ಕಂಡಿಲ್ಲ.

ಮೊದಲು ನಿಮ್ಮ ಸೊಂಟ ಸುತ್ತಿದ ಎದುರಾಳಿಯ ಕಾಲು ಬಿಡಿಸಬೇಕು. ಎದ್ದು ನಿಂತು ಬಿಡಿಸಿ, ಅಷ್ಟೇ. ಕೂತಲ್ಲೇ ಮೊಣಕೈಯಿಂದ ತೊಡೆ ತಿವಿಯುವ ಶಾರ್ಟ್‌ಕಟ್ ಒಂದಿದೆ. ಹೊಸಬರು ನೋವಿಗೆ ಕಾಲು ಬಿಡುತ್ತಾರೆ, ಹಳಬರು ನಗುತ್ತಾರೆ. ಒಂದು ಕೈ ಅವನ ಕಾಲುಗಳ ನಡುವೆ, ಇನ್ನೊಂದು ಹೊರಗೆ ಆಯಿತೋ, ನಿಮ್ಮ ಕುತ್ತಿಗೆ ಟ್ರಯಾಂಗಲ್‌ಗೆ, ಅಂದರೆ ಕಾಲುಗಳಿಂದ ಕುತ್ತಿಗೆ ಬಿಗಿಯುವ ಪಟ್ಟಿಗೆ, ಸಿಕ್ಕಿತು ಅಂತಲೇ ಲೆಕ್ಕ.

ಈಗ ಎಲ್ಲರೂ ಎಡವುವ ಜಾಗ. ನಿಮ್ಮ ಬಲಗಾಲು ಅವನ ಕಾಲುಗಳ ನಡುವೆ, ಎಡಗಾಲು ಹೊರಗೆ. ಬಲ ಮಂಡಿ ಅವನ ಬಲ ತೊಡೆಯ ಮೇಲೆ ಅಡ್ಡಲಾಗಿ ಜಾರಿ ನೆಲ ಮುಟ್ಟಬೇಕು. ಕೇಳೋಕೆ ಸುಲಭ, ಅಲ್ವಾ? ಹಾಗಾಗಿ ಎಲ್ಲರೂ ಮಂಡಿಯನ್ನೇ ತಳ್ಳುತ್ತಾರೆ. ಅಷ್ಟರಲ್ಲಿ ಅವನ ಎಡಗೈ ನಿಮ್ಮ ಬಲ ಕಂಕುಳೊಳಗೆ ತೂರಿರುತ್ತದೆ, ಮರುಕ್ಷಣ ಅವನು ನಿಮ್ಮ ಬೆನ್ನ ಮೇಲೆ. ಪಾಸಿಗೆ ಸಿಗುವುದು 3 ಪಾಯಿಂಟ್, ಬೆನ್ನು ಹಿಡಿದವನಿಗೆ 4. ಒಂದು ವರ್ಷ ನಾನೂ ಇದೇ ತಪ್ಪು ಮಾಡಿದೆ. ನನಗಿಂತ 15 ಕೆಜಿ ಕಡಿಮೆ ತೂಕದ ಹುಡುಗಿಯೊಬ್ಬಳು ದಿನಾ ನನ್ನ ಬೆನ್ನ ಮೇಲೆ ಹತ್ತುತ್ತಿದ್ದಳು.

ಮಂಡಿ ಅರ್ಧದಲ್ಲೇ ನಿಲ್ಲಲಿ. ನಿಮ್ಮ ಬಲಗೈಯನ್ನು ಅವನ ಎಡ ಕಂಕುಳ ಕೆಳಗೆ ಆಳವಾಗಿ ತೂರಿಸಿ, ಅಂಗೈ ಬೆನ್ನಿಗೆ ತಾಗುವಷ್ಟು. ಎಡಗೈಯಲ್ಲಿ ಅವನ ಬಲತೋಳಿನ ಬಟ್ಟೆ ಹಿಡಿದು ಬಾವಿಯಿಂದ ಕೊಡ ಸೇದಿದ ಹಾಗೆ ಮೇಲಕ್ಕೆಳೆಯಿರಿ. ಎಳೆಯದಿದ್ದರೆ ಆ ಮೊಣಕೈ ಊರಿ ಎದ್ದು ಕೂರುತ್ತಾನೆ. ನಿಮ್ಮ ತಲೆ ಅವನ ಗದ್ದಕ್ಕೆ ಒತ್ತಿರಲಿ. ಅವನ ಬೆನ್ನು ಚಪ್ಪಟೆಯಾಗಿ ಮ್ಯಾಟಿಗೆ ಅಂಟಿದ್ದು ಗೊತ್ತಾದ ಮೇಲೆ ಮಂಡಿ ಬಿಡಿ. ತಳ್ಳುವುದೇ ಬೇಡ, ಮೈಭಾರಕ್ಕೆ ತಾನೇ ಜಾರುತ್ತದೆ. ಪಾದ ಸಿಕ್ಕಿಕೊಂಡರೆ ಎಡಗಾಲಿನಿಂದ ಅವನ ಮಂಡಿಯನ್ನು ಮೆಲ್ಲಗೆ ದೂಡಿ ಬಿಡಿಸಿಕೊಳ್ಳಿ. ಗಾಬರಿಯಲ್ಲಿ ಕಂಕುಳು ಮಾತ್ರ ಬಿಡಬೇಡಿ.

ಅಂದ ಹಾಗೆ, ಮನೆಯಲ್ಲಿ ಸುಮ್ನೆ ಬಿದ್ದಿರುವ ಕರಾಟೆ ಡ್ರೆಸ್ ಹಾಕಿಕೊಂಡು ಬರಬೇಡಿ. ಈ ಎಳೆದಾಟಕ್ಕೆ ತೋಳಿನ ಹೊಲಿಗೆ ಬಿಟ್ಟು ಕೈಗೇ ಬರುತ್ತದೆ. ದಪ್ಪ ನೇಯ್ಗೆಯ ಗೀ, ಅಂದರೆ ಜಿಯು ಜಿತ್ಸು ಉಡುಪು, ತೊಗೊಳ್ಳಿ.

ದಾಟಿದ ಮೇಲೆ ಎದೆಗೆ ಎದೆ ಕೊಟ್ಟು 3 ಸೆಕೆಂಡ್ ಹಿಡಿಯಿರಿ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು ಜಿತ್ಸು ಫೆಡರೇಶನ್) ನಿಯಮದಲ್ಲಿ ಅಷ್ಟು ಹಿಡಿದರೇ ಪಾಯಿಂಟ್.

ಅಭ್ಯಾಸವನ್ನು ಮಂಡಿ ಅರ್ಧ ದಾಟಿದ ಜಾಗದಿಂದಲೇ ಶುರು ಮಾಡಿ, 2 ನಿಮಿಷದ ಸುತ್ತು. ಜೊತೆಗಾರನಿಗೆ ಒಂದೇ ಕೆಲಸ, ನಿಮ್ಮ ಕಂಕುಳೊಳಗೆ ಕೈ ತೂರಿಸಿ ಕಂಕುಳು ಕದಿಯುವುದು. ಕದ್ದನೋ, ಮತ್ತೆ ಮೊದಲಿನಿಂದ.