ವೆನಿಸ್‌ನಲ್ಲಿ ಕುಡಿಯುವುದು ಹೇಗೆ? ನಿಂತುಕೊಂಡು!

ವೆನಿಸ್‌ಗೆ ಹೋದ ನಮ್ಮ ಜನ ಕಾಲುವೆ ಕಾಣುವ ಮೊದಲ ಮೇಜಿಗೇ ಧೊಪ್ಪನೆ ಕೂತುಬಿಡುತ್ತಾರೆ. ಬಟ್ಟಲಿನಂಥ ಗ್ಲಾಸಿನಲ್ಲಿ ಕಿತ್ತಳೆ ಬಣ್ಣದ ಸ್ಪ್ರಿಟ್ಸ್ (ವೈನ್, ಸೋಡಾ, ಕಹಿ ಮದ್ಯ ಬೆರೆಸಿದ ಪಾನೀಯ) ಬರುತ್ತದೆ, ಹಿಂದೆಯೇ ಬಿಲ್ಲೂ ಬರುತ್ತದೆ. ಸಂಜೆ ಅಲ್ಲಿಗೇ ಮುಗಿಯಿತು. ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಹೋಗಬೇಕಾದ್ದು ಕನ್ನರೇಜೊ ಬಡಾವಣೆಗೆ. ಸಾಂತಾ ಲುಚೀಯ ರೈಲು ನಿಲ್ದಾಣದಿಂದ ನಡೆದೇ ಹೋಗಿ, ದೋಣಿ ಟಿಕೆಟ್ ಸುಮ್ನೆ ದಂಡ. ದಾರಿಯಲ್ಲಿ ಫೋಟೊ ಹಾಕಿದ ಮೆನು ಹಿಡಿದು ಕರೆಯುವವರಿಗೆ ಬೆನ್ನು ಹಾಕಿ. ಗೂಲಿಯೆ ಸೇತುವೆ ದಾಟಿ ಎಡಕ್ಕೆ ತಿರುಗಿ. 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೊ ಚೌಕ ಸಿಗುತ್ತದೆ. ಅದರ ಉತ್ತರದ ಸೇತುವೆ ಇಳಿದರೆ ಓರ್ಮೆಸೀನಿ ಎಂಬ ಕಾಲುವೆ ದಂಡೆ. ಅದೇ ಮುಂದೆ ಮಿಸೆರಿಕೋರ್ದಿಯ ದಂಡೆಯಾಗುತ್ತದೆ. ನಾವು ಹುಡುಕುವ ವೈನ್ ಅಂಗಡಿಗಳು ಇಲ್ಲೇ.

ಸಂಜೆ ಆರಕ್ಕೆ ಅಲ್ಲಿರಿ.

ಜನ ಎಡವುವುದು ಕೌಂಟರ್‌ನಲ್ಲಿ. ಇಲ್ಲಿನ ಪುಟ್ಟ ವೈನ್ ಅಂಗಡಿಗೆ ಬಾಕರೊ ಎನ್ನುತ್ತಾರೆ. ಕೂತರೆ ಒಂದು ರೇಟು, ನಿಂತರೆ ಇನ್ನೊಂದು. ಕೆಲವು ಕಡೆ ಕೂತಿದ್ದಕ್ಕೇ ತಲೆಗಿಷ್ಟು ಅಂತ ಬೇರೆ ಹಾಕುತ್ತಾರೆ. ಅದಕ್ಕೇ ನಿಲ್ಲಿ. ಮೆನು ಕೇಳಬೇಡಿ. ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸಣ್ಣ ಸಣ್ಣ ತಿಂಡಿಗಳೇ ಮೆನು. ಹೆಸರು ಚಿಕೆತ್ತಿ. ಸರದಿ ಬರುವ ಮೊದಲೇ ಏನು ಬೇಕು ಅಂತ ನಿರ್ಧರಿಸಿ. ಕೌಂಟರ್ ಮುಂದೆ ನಿಂತು ‘ನಿಂಗೇನು, ನಂಗೇನು’ ಅಂತ ಚರ್ಚೆ ಶುರುಮಾಡಿದರೆ ಹಿಂದಿನವರು ಮೊಣಕೈಯಲ್ಲೇ ಉತ್ತರ ಕೊಡುತ್ತಾರೆ. ತಿಂಡಿ ಕಡೆ ಬೆರಳು ತೋರಿಸಿ, ಎಷ್ಟು ಅಂತ ಬೆರಳಲ್ಲೇ ಹೇಳಿ. ಆಮೇಲೆ ಒಂದು ಗ್ಲಾಸ್ ವೈನ್‌ಗೆ ‘ಉನ್ ಓಂಬ್ರ’ ಅನ್ನಿ, ಜೊತೆಗೆ ಕೆಂಪಾದರೆ ‘ರೊಸ್ಸೊ’, ಬಿಳಿಯಾದರೆ ‘ಬಿಯಾಂಕೊ’. ಓಂಬ್ರ ಅಂದರೆ ನೆರಳು. ಹಿಂದೆ ವೈನ್ ಮಾರುವವರು ಸಾನ್ ಮಾರ್ಕೊ ಗಂಟೆ ಗೋಪುರದ ನೆರಳು ಸರಿದಂತೆ ತಾವೂ ಸರಿಯುತ್ತಿದ್ದರಂತೆ, ಅದರಿಂದ ಬಂದ ಹೆಸರು ಅಂತ ಕಥೆ. ಬರುವುದು ಸಣ್ಣ ಗ್ಲಾಸು. ಸಣ್ಣದಾಯಿತು ಅಂತ ಗೊಣಗಬೇಡಿ, ಇನ್ನೂ ಮೂರು ಅಂಗಡಿ ಇದೆ ಅಲ್ವಾ? ದುಡ್ಡು ಮೊದಲೋ ಕೊನೆಗೋ ಅನ್ನುವುದು ಅಂಗಡಿಗೊಂದು ಥರ. ಮುಂದಿನವರನ್ನು ನೋಡಿ ಕಲಿಯಿರಿ.

ಮೀನು ತಿನ್ನುವವರು ಬಕ್ಕಲಾ ಬಿಡಬಾರದು. ಒಣಗಿಸಿದ ಕಾಡ್ ಮೀನನ್ನು ನೆನೆಸಿ, ಬೇಯಿಸಿ, ಎಣ್ಣೆ ಬಿಡುತ್ತಾ ಬೆಣ್ಣೆಯಂತೆ ಕಡೆದು ಬ್ರೆಡ್ ಮೇಲೆ ಮೆತ್ತಿರುತ್ತಾರೆ.

ಗ್ಲಾಸ್ ಹಿಡಿದು ಹೊರಗೆ ಬನ್ನಿ. ದಂಡೆಯ ಅಂಚಿನಲ್ಲಿ ಮಾತ್ರ ಇಡಬೇಡಿ. ಮಾತಿನ ಭರದಲ್ಲಿ ನಾನು ಒಂದನ್ನು ನೀರಿಗೆ ತಳ್ಳಿದ್ದೇನೆ.

ಆಮೇಲೆ ಮುಂದಿನ ಅಂಗಡಿ. ಆಲ್ ತಿಮೋನ್ ಎಂಬ ಅಂಗಡಿ ಮುಂದೆ ಕಟ್ಟಿರುವ ದೋಣಿಯಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂರಬಹುದು, ಇದೊಂದು ವಿನಾಯಿತಿ. ವೈನ್ ಬಗ್ಗೆ ನಾಲಿಗೆ ಚುರುಕಿದ್ದವರಿಗೆ ವೀನೊ ವೇರೊ. ಗದ್ದಲ ಬೇಕೆಂದರೆ ಪಾರದೀಸೊ ಪೆರ್ದೂತೊ.

ಸ್ಪ್ರಿಟ್ಸ್ ಕುಡಿಯದೆ ಬರುವುದು ಹೇಗೆ ಅನ್ನುತ್ತೀರಾ? ಸರಿ, ಒಂದು ಕುಡಿಯಿರಿ. ಆದರೆ ಅದಕ್ಕೆ ಆಪೆರೋಲ್ ಎಂಬ ಕಿತ್ತಳೆ ಬಣ್ಣದ ಮದ್ಯ ಹಾಕಿಸಬೇಡಿ, ಅದು ಶರಬತ್ತು. ಅದರ ಬದಲು ಸೆಲೆಕ್ಟ್ ಎಂಬ ಮದ್ಯ ಕೇಳಿ. ಅದು 1920ರಲ್ಲಿ ಇದೇ ಊರಲ್ಲಿ ಹುಟ್ಟಿದ್ದು, ಕಹಿ ಜಾಸ್ತಿ, ಜೊತೆಗೆ ಒಂದು ಹಸಿರು ಆಲಿವ್ ಬೀಳುತ್ತದೆ. ಅಂಗಡಿಯಲ್ಲಿ ಬೆರೆಸಿಟ್ಟು ಮಾರುವ ಬಾಟಲಿ ಸ್ಪ್ರಿಟ್ಸ್ ಮುಟ್ಟಲೇಬೇಡಿ.

ಕಾಲು ಸೋತರೂ ಸೇತುವೆ ಮೆಟ್ಟಿಲ ಮೇಲೆ ಕೂರಬೇಡಿ, ದಂಡ ಬೀಳುತ್ತದೆ. ಖಾಲಿ ಗ್ಲಾಸನ್ನು ತಂದ ಅಂಗಡಿಗೇ ವಾಪಸ್ ಕೊಟ್ಟು ಹೊರಡಿ.