ಮಲ್ಪೆಯ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಜೈಲು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಉಡುಪಿಯ ಮಲ್ಪೆ ಬಂದರಿನ ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಐಸ್ ಪ್ಲಾಂಟುಗಳಲ್ಲಿ ರಿಪೇರಿ ಕೆಲಸ ನಡೆಯುತ್ತಿರುತ್ತದೆ. ಅಷ್ಟರಲ್ಲಿ ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯೂ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಯಾಗಿರುತ್ತದೆ. ಕೈಯಲ್ಲಿ ದುಡ್ಡಿಲ್ಲದೆ ಸಿನಿಮಾ ಮಾಡಲು ಹೊರಟವನಿಗೆ ಬೇಕಾದದ್ದು ಎರಡು: ಖಾಲಿ ಜಾಗ, ಬಿಡುವಿರುವ ಕಲಾವಿದರು. ಎರಡೂ ಇಲ್ಲಿ ಒಟ್ಟಿಗೆ ಸಿಗುವುದು ಮಳೆಗಾಲದಲ್ಲಿ ಮಾತ್ರ. ಹೊಟ್ಟೆಪಾಡಿಗೆ ನಾನು ಮಾಡುವುದು ಮದುವೆ ವಿಡಿಯೋ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಗಳೂ ಇಲ್ಲವಾದ್ದರಿಂದ ನನ್ನ ಕ್ಯಾಮೆರಾವೂ ಆಗ ಖಾಲಿ.

ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಹೈಟೆಕ್ ಜೈಲು, ಅದರಿಂದ ತಪ್ಪಿಸಿಕೊಳ್ಳುವ ಒಬ್ಬ ಕೈದಿ. ಕಿರುಚಿತ್ರಕ್ಕೆ ಇಷ್ಟೇ ಕಥೆ. ಈ ಜಾತಿಯ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡಿದವನು ನಾನು. ಸ್ಟುವರ್ಟ್ ಗಾರ್ಡನ್ ನಿರ್ದೇಶಿಸಿದ 1992ರ ‘ಫೋರ್ಟ್ರೆಸ್’ನಲ್ಲಿ ಜೈಲು ನಡೆಸುವುದು ಒಂದು ಕಂಪನಿ. ಎರಡನೇ ಮಗುವಿಗೆ ಹೊರಟದ್ದೇ ಅಲ್ಲಿ ಗಂಡ ಹೆಂಡತಿಯ ಅಪರಾಧ. ಕೈದಿಗಳ ಹೊಟ್ಟೆಯೊಳಗೆ ಒಂದು ಸಾಧನ ಇಟ್ಟಿರುತ್ತಾರೆ, ನೆಲದ ಗೆರೆ ದಾಟಿದರೆ ಅದು ಕೆಲಸ ಶುರು ಮಾಡುತ್ತದೆ. ಆ ಸಿನಿಮಾದಲ್ಲಿ ಗನ್ನು, ಸ್ಫೋಟ ಎಲ್ಲ ಧಾರಾಳವಾಗಿ ಉಂಟು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ನೆಲದ ಮೇಲಿನ ಆ ಗೆರೆ. ಗೆರೆ ಎಳೆಯಲು ಎಷ್ಟು ಖರ್ಚು? ಒಂದು ಡಬ್ಬಿ ಪೇಂಟು.

ಕಡಿಮೆ ಖರ್ಚಿನಲ್ಲಿ ಭವಿಷ್ಯ ತೋರಿಸುವ ವಿದ್ಯೆ ದೊಡ್ಡವರಿಗೂ ಗೊತ್ತಿತ್ತು. ಫ್ರೆಂಚ್ ನಿರ್ದೇಶಕ ಗೊದಾರ್ 1965ರಲ್ಲಿ ‘ಆಲ್ಫಾವಿಲ್’ ಮಾಡಿದಾಗ ಸೆಟ್ಟೇ ಹಾಕಲಿಲ್ಲ, ಪ್ಯಾರಿಸಿನ ಆಗಿನ ಹೊಸ ಕಟ್ಟಡಗಳನ್ನೇ ರಾತ್ರಿ ಹೊತ್ತು ಬೇರೆ ಲೋಕವೆಂಬಂತೆ ತೋರಿಸಿದರು. ಜಾರ್ಜ್ ಲ್ಯೂಕಸ್‌ನ ಮೊದಲ ಚಿತ್ರ, 1971ರ ‘ಟಿಎಚ್‌ಎಕ್ಸ್ 1138’ರ ಕೆಲವು ಭಾಗಗಳನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೂ ಕೆಲಸ ಮುಗಿಯದಿದ್ದ ಮೆಟ್ರೋ ಸುರಂಗಗಳಲ್ಲಿ ತೆಗೆದರು. ಅದರ ಕೊನೆಯಲ್ಲಿ ಓಡಿಹೋಗುವವನನ್ನು ಪೊಲೀಸರು ಹಿಡಿಯದೆ ಬಿಡುವುದಕ್ಕೆ ಕಾರಣ, ಬೆನ್ನಟ್ಟುವ ಖರ್ಚು ಮಂಜೂರಾದ ಬಜೆಟ್ ಮೀರುತ್ತದೆ ಎಂಬುದು. ನಾನು ನೋಡಿದ ತಪ್ಪಿಸಿಕೊಳ್ಳುವ ದೃಶ್ಯಗಳಲ್ಲೆಲ್ಲ ಅತ್ಯಂತ ನಂಬಲರ್ಹವಾದದ್ದು ಇದು. ಜೈಲೂ ಒಂದು ಆಫೀಸೇ ತಾನೆ.

ಹಾಗಾಗಿ ಕಥೆ ಬರೆಯುವ ಮೊದಲು ಜೈಲಿನ ನಿಯಮಾವಳಿ ಬರೆದೆ. ಎಷ್ಟು ಗಂಟೆಗೆ ದೀಪ, ಯಾರು ಗುಡಿಸುವುದು, ಕ್ಯಾಮೆರಾದ ಲೆನ್ಸ್ ಒರೆಸುವುದು ಯಾರ ಕೆಲಸ, ಸೆನ್ಸರ್ ಕೆಟ್ಟರೆ ಯಾರಿಗೆ ದೂರು, ದೂರು ಹೋದ ಮೇಲೆ ಎಷ್ಟು ದಿನಕ್ಕೆ ಜನ ಬರುತ್ತಾರೆ, ಬಿಲ್ಲಿಗೆ ಸಹಿ ಯಾರದ್ದು. ಹೀರೋಗೆ ಆಗಿನ್ನೂ ಹೆಸರೂ ಇಟ್ಟಿರಲಿಲ್ಲ. ಸ್ನೇಹಿತರು ನಕ್ಕರು. ಆದರೆ ಪಾರಾಗುವ ದಾರಿ ಈ ನಿಯಮಗಳ ಒಳಗಿನಿಂದಲೇ ಬರಬೇಕು ಎಂಬುದು ನನ್ನ ಹಠ. ಕೊನೆಯ ಹತ್ತು ನಿಮಿಷದಲ್ಲಿ ಯಾರೋ ಹೊರಗಿನಿಂದ ಕೀಲಿಕೈ ಕೊಟ್ಟರೆ ಅಥವಾ ಹೀರೋ ಕೀಬೋರ್ಡ್ ಕುಟ್ಟಿ ಕಂಪ್ಯೂಟರನ್ನು ಗೆದ್ದುಬಿಟ್ಟರೆ ಅದು ಪ್ರೇಕ್ಷಕರಿಗೆ ಮಾಡುವ ಮೋಸ. ಕೈದಿಗೆ ಗೊತ್ತಿರುವಷ್ಟೇ ಜೈಲು ಅವರಿಗೂ ಗೊತ್ತಿರಬೇಕು. ದಾರಿ ಅವರ ಕಣ್ಣೆದುರೇ ಇದ್ದೂ ಕಾಣದಿರಬೇಕು.

ಹೊಟ್ಟೆಯೊಳಗಿನ ಸಾಧನದ ಬದಲು ನಾನು ಕಾಲಿಗೆ ಕಟ್ಟುವ ಪಟ್ಟಿ ಆರಿಸಿಕೊಂಡೆ. ಅದೇನೂ ಕಲ್ಪನೆಯಲ್ಲ. 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಒಬ್ಬ ಜಡ್ಜ್ ಕಾಮಿಕ್ಸ್ ಓದಿ ಆ ಆಲೋಚನೆ ಹುಟ್ಟಿ, ಅಪರಾಧಿಯ ಕಾಲಿಗೆ ಇಂಥದ್ದೊಂದನ್ನು ಕಟ್ಟಿಸಿದರು. ಜಮ್ಮು ಕಾಶ್ಮೀರದ ಪೊಲೀಸರು 2023ರ ನವೆಂಬರ್‌ನಲ್ಲಿ ಜಾಮೀನು ಸಿಕ್ಕವನ ಕಾಲಿಗೆ ಜಿಪಿಎಸ್ ಪಟ್ಟಿ ಹಾಕಿದರು. ಜಾಮೀನು ಸಿಕ್ಕವನು ತನ್ನ ಫೋನಿನ ಲೊಕೇಶನ್ನನ್ನು ತನಿಖೆಯವರಿಗೆ ಸದಾ ಕಾಣಿಸುತ್ತಿರಬೇಕು ಎಂಬ ಷರತ್ತು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ಅಂಥ ತೀರ್ಪುಗಳನ್ನು ಜನ ಮರೆತುಹೋದ ಕಾಲವೇ ನನ್ನ ಕಥೆಯ ಕಾಲ. ಇಸವಿ ಹೇಳಲು ಹೋಗಲಿಲ್ಲ.

ಜಾಗ ನೋಡಲು ಹೋದದ್ದು ಐಸ್ ಪ್ಲಾಂಟಿಗೆ. ಅದರ ಪಕ್ಕಕ್ಕೇ ಮೀನಿಡುವ ಕೋಲ್ಡ್ ಸ್ಟೋರೇಜ್, ರಜೆಯೆಂದು ಆಫ್ ಮಾಡಿ ಬಾಗಿಲು ತೆರೆದಿಟ್ಟಿದ್ದರು. ಒಳಗೆ ಬಿಳಿ ತಗಡಿನ ಗೋಡೆ, ಕಿಟಕಿ ಇಲ್ಲ, ಮೂಲೆ ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ತಿಳಿಯುವುದಿಲ್ಲ. ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳ ಆಚೆ ನಿಂತವರು ಕರಗಿದಂತೆ ಕಾಣುತ್ತಾರೆ. ಆಪರೇಟರ್ ಅಣ್ಣ ಕೇಳಿದರು, “ಎಂತ ಮಾರ್ರೆ, ಜೈಲು ಮಾಡ್ಲಿಕ್ಕೆ ಮೀನಿನ ವಾಸನೆಯೇ ಬೇಕಾ ನಿಮಗೆ?” ವಾಸನೆ ಕ್ಯಾಮೆರಾಕ್ಕೆ ಹಿಡಿಯುವುದಿಲ್ಲ ಅಂದೆ. “ಹೀರೋಗೆ ಹಿಡೀತದೆ” ಅಂದರು. ಹಿಡಿಯಿತು ಕೂಡ.

ಆ ಬಾಗಿಲಿನ ವಿಷಯ ಹೇಳಲೇಬೇಕು. ಕೋಲ್ಡ್ ರೂಮಿನ ಬಾಗಿಲಿಗೆ ಒಳಗಡೆ ಒಂದು ಗುಂಡಿ ಇರುತ್ತದೆ. ಹೊರಗಿನಿಂದ ಬೀಗ ಬಿದ್ದಿದ್ದರೂ ಅದನ್ನು ಒತ್ತಿದರೆ ಬಾಗಿಲು ತೆರೆದುಕೊಳ್ಳಬೇಕು, ಯಾರೂ ಒಳಗೆ ಸಿಕ್ಕಿ ಹೆಪ್ಪುಗಟ್ಟಬಾರದು ಎಂದು. ಕತ್ತಲಲ್ಲೂ ಕಾಣಲಿ ಎಂದು ಅದಕ್ಕೆ ಹೊಳೆಯುವ ಹಸಿರು ಬಣ್ಣ. ಒಳಗಿನಿಂದ ಸದಾ ತೆರೆಯುವ ಬಾಗಿಲಿರುವ ಕೋಣೆಯಲ್ಲಿ ನನ್ನ ಜೈಲು! ಗುಂಡಿ ತೆಗೆಸಲಿಲ್ಲ. ಅದರ ಮೇಲೊಂದು ಸುಳ್ಳು ಪ್ಯಾನೆಲ್ ಮುಚ್ಚಿ, ಅದನ್ನು ತಳ್ಳಿದರೆ ಗುಂಡಿಯೂ ಒತ್ತುವಂತೆ ಮಾಡಿಕೊಂಡೆವು. ಅಲ್ಲಿ ಶೂಟ್ ಮಾಡುವವರು ಯಾರೇ ಆಗಲಿ, ಮೊದಲು ಒಳಗೆ ನಿಂತು ಆ ಗುಂಡಿಯನ್ನು ಪರೀಕ್ಷಿಸಿಕೊಳ್ಳಿ.

ಬಾಗಿಲು ಹಾಕಿಕೊಂಡು ಒಳಗಿದ್ದಾಗ ಹೊರಗಿನಿಂದ ಅಸಿಸ್ಟೆಂಟ್ ಹುಡುಗ ಫೋನ್ ಮಾಡಿದ್ದಾನೆ. ನನಗೆ ರಿಂಗೇ ಆಗಲಿಲ್ಲ. ಅವನಿಗೆ “ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎಂಬ ಹೆಂಗಸಿನ ಧ್ವನಿ. ಗೋಡೆ, ಮಾಡು ಎಲ್ಲ ತಗಡು, ರೇಡಿಯೋ ತರಂಗ ಅದನ್ನು ದಾಟುವುದಿಲ್ಲ. ಲಿಫ್ಟಿನಲ್ಲಿ ಮಾತು ಕಡಿದುಹೋಗುವುದೂ ಇದೇ ಕಾರಣಕ್ಕೆ. ಅಲ್ಲೇ ನೆಲದ ಮೇಲೆ ಕೂತು ಕಥೆ ಮುಗಿಸಿದೆ. ಕೈದಿಯನ್ನು ಭದ್ರವಾಗಿಡಲು ಕಟ್ಟಿದ ಲೋಹದ ಕೋಣೆಯೇ ಅವನ ಕಾಲಿನ ಪಟ್ಟಿಯ ಸಿಗ್ನಲನ್ನೂ ತಡೆಯುತ್ತದೆ. ಆದ್ದರಿಂದ ಪ್ರತಿ ಕೋಣೆಯೊಳಗೂ ಒಂದು ಆಂಟೆನಾ ಬೇಕು, ಅದಕ್ಕೊಂದು ಕೇಬಲ್, ಕೇಬಲಿಗೊಂದು ಹಿತ್ತಾಳೆಯ ಕನೆಕ್ಟರ್. ಇದು ಸಮುದ್ರದ ಬದಿಯ ಜೈಲು. ಉಪ್ಪುಗಾಳಿಗೆ ಗೇಟು, ಬೈಕಿನ ರಿಮ್ಮು, ಕಿಟಕಿಯ ಸರಳು ಏನಾಗುತ್ತದೆಂದು ಇಲ್ಲಿನ ಕಡಲ ಬದಿಯ ಪಡುಕೆರೆಯ ಮಗುವಿಗೂ ಗೊತ್ತು. ಕನೆಕ್ಟರಿಗೆ ಕಿಲುಬು ಹಿಡಿಯುತ್ತದೆ. ಅದನ್ನು ದಿನಾ ಒರೆಸುವ ಕೆಲಸ ಯಾರಿಗೆ? ಖರ್ಚು ಉಳಿಸುವ ಕಂಪನಿ ಅದನ್ನು ಕೈದಿಗೇ ಹಚ್ಚುತ್ತದೆ.

ಅವನು ವಯರ್ ಕತ್ತರಿಸುವುದಿಲ್ಲ. ಕತ್ತರಿಸಿದರೆ ಅಲಾರಂ. ಅವನು ಮಾಡುವುದು ಇಷ್ಟೇ: ದಿನಾ ಒರೆಸುತ್ತಾನೆ, ಸ್ವಲ್ಪ ಕಡಿಮೆ ಒರೆಸುತ್ತಾನೆ. ಸಿಗ್ನಲ್ ಕೂದಲೆಳೆಯಷ್ಟು ಇಳಿಯುತ್ತದೆ. ಮಳೆಗಾಲದ ಏರಿಳಿತವೆಂದು ಜೈಲಿನ ಕಾವಲು ಯಂತ್ರ ತನ್ನ ಅಲಾರಮ್ಮಿನ ಮಿತಿಯನ್ನು ತಾನೇ ಅಷ್ಟು ತಗ್ಗಿಸಿಕೊಳ್ಳುತ್ತದೆ. ಮರುದಿನ ಮತ್ತಷ್ಟು. ಹೀಗೆ ಇಳಿದೂ ಇಳಿದೂ ಒಂದು ದಿನ, ಕೈದಿ ಒಳಗಿದ್ದರೂ ಇಲ್ಲದಿದ್ದರೂ ಯಂತ್ರಕ್ಕೆ ಒಂದೇ ಆಗಿರುತ್ತದೆ.

ಗೆರೆಗೆ ಕೊನೆಗೂ ಪೇಂಟು ಹಚ್ಚಲಿಲ್ಲ. ನಂಬರ್ ಪ್ಲೇಟ್ ಬರೆಯುವ ಅಂಗಡಿಯಿಂದ ಹಳದಿ, ಕೆಂಪು ರೇಡಿಯಂ ಸ್ಟಿಕ್ಕರ್ ರೋಲು ತಂದು ನೆಲಕ್ಕೆ ಅಂಟಿಸಿದೆವು. ಅದರ ಗುಣವೇನೆಂದರೆ, ಬೆಳಕು ಎಲ್ಲಿಂದ ಬರುತ್ತದೋ ಅತ್ತಲೇ ಅದು ವಾಪಸು ಹೋಗುತ್ತದೆ. ಲೆನ್ಸಿನ ಅಂಚಿಗೆ ತಾಗಿಸಿ ಒಂದು ಸಣ್ಣ ಟಾರ್ಚ್ ಕಟ್ಟಿ, ಅದಕ್ಕೆ ಡಿಮ್ಮರ್ ಹಾಕಿದರೆ ಕೆಲಸ ಮುಗಿಯಿತು. ಕೈದಿ ಗೆರೆಯ ಹತ್ತಿರ ಬಂದ ಹಾಗೆ ಟಾರ್ಚಿನ ಬೆಳಕು ಏರಿಸಿದರೆ ಸುತ್ತಲಿನ ಗೋಡೆಗೆ ಹೆಚ್ಚೇನೂ ಆಗುವುದಿಲ್ಲ, ಗೆರೆ ಮಾತ್ರ ಉರಿಯತೊಡಗುತ್ತದೆ. ಪಕ್ಕದಲ್ಲಿ ನಿಂತು ನೋಡುವವರಿಗೆ ಏನೂ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಇದನ್ನೇ ಗ್ರಾಫಿಕ್ಸಿನಲ್ಲಿ ಮಾಡಲು ಹೊರಟಿದ್ದರೆ ಶಾಟ್ ಶಾಟಿಗೂ ಕಾಲ ಬುಡದಲ್ಲಿ ಅಂಚು ಕತ್ತರಿಸುತ್ತ ಕೂರಬೇಕಿತ್ತು. ಗ್ರಾಫಿಕ್ಸ್ ಬಳಸಿದ್ದು ಗೋಡೆಯ ಪರದೆಗಳಿಗೆ ಮಾತ್ರ. ಅವನ್ನು ಬ್ಲೆಂಡರ್ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ ಮಾಡಿ, ಹಳೆಯ ಮೊಬೈಲುಗಳಲ್ಲಿ ಓಡಿಸಿ, ಹಾಲುಬಣ್ಣದ ಅಕ್ರಿಲಿಕ್ ಹಾಳೆಯ ಹಿಂದೆ ಇಟ್ಟೆವು. ಬ್ಲೆಂಡರ್ ಪುಕ್ಕಟೆ. ಎಡಿಟಿಂಗ್ ಮತ್ತು ಬಣ್ಣದ ಕೆಲಸಕ್ಕೆ ಡಾವಿಂಚಿ ರಿಸಾಲ್ವ್, ಅದರಲ್ಲೂ ಪುಕ್ಕಟೆಯದೇ ಸಾಕಾಯಿತು.

ಎಲ್ಇಡಿ ಟ್ಯೂಬುಗಳ ಮಿಣುಕಿಗೆ ಮದ್ದು ಮದುವೆ ಹಾಲುಗಳಲ್ಲೇ ಕಲಿತದ್ದು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಲೇಸರ್ ಗೆರೆ ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಬೇಕು. ಹೊಗೆ ಯಂತ್ರದ ಬಾಡಿಗೆ ಯಾಕೆಂದು ಸಾಂಬ್ರಾಣಿ ಹಾಕೋಣ ಅಂದಾಗ ಆಪರೇಟರ್ ಅಣ್ಣ ಮೊದಲ ಸಲ ಗಂಭೀರರಾದರು. ಐಸ್ ಪ್ಲಾಂಟಿನಲ್ಲಿರುವುದು ಅಮೋನಿಯಾ. ಮೂಗಿಗೆ ಹೊಡೆಯುವ ವಿಷಗಾಳಿ ಮಾತ್ರವಲ್ಲ, ಗಾಳಿಯಲ್ಲಿ ಒಂದು ಹದಕ್ಕೆ ಸೇರಿದರೆ ಬೆಂಕಿಯೂ ಹತ್ತುತ್ತದೆ. ಕಂಪ್ರೆಸರ್ ಕಡೆಗೆ ಕೆಂಡ ತರಕೂಡದು ಎಂದರು. ಲೈನು ಖಾಲಿ ಮಾಡಿದ್ದನ್ನು ಅವರೇ ಖಾತ್ರಿ ಮಾಡಿಕೊಂಡು, ದೂರದ ಕೋಣೆ ತೋರಿಸಿ, ಧೂಪದ ಪಾತ್ರೆಯನ್ನು ತಾವೇ ಹಿಡಿದು ನಿಂತರು. ಲೇಸರನ್ನು ಲೆನ್ಸಿಗೆ ನೇರ ಹಾಯಿಸಿದರೆ ಸೆನ್ಸರ್ ಸುಟ್ಟುಹೋಗುತ್ತದೆ, ಹಾಗಾಗಿ ಎಲ್ಲ ಗೆರೆಗಳೂ ಅಡ್ಡಕ್ಕೇ.

ಇನ್ನು ಯಂತ್ರದ ಧ್ವನಿ. ಭವಿಷ್ಯದ ಕಂಪ್ಯೂಟರ್ ಎಂದರೆ ಇಂಗ್ಲಿಷ್ ಬೆರೆತ ತಣ್ಣನೆಯ ಹೆಣ್ಣುಧ್ವನಿ ಎಂದು ಎಲ್ಲರೂ ಮಾಡಿಟ್ಟಿದ್ದಾರೆ, ನನಗೆ ಅದು ಬೇಡವಾಗಿತ್ತು. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಿರಿಯರೊಬ್ಬರ ಮನೆಗೆ ಹೋದೆ. ರಾತ್ರಿಯಿಡೀ ಒಂದು ಇಂಗ್ಲಿಷ್ ಶಬ್ದವೂ ನುಸುಳದ ಹಾಗೆ ಮಾತಾಡಬಲ್ಲವರು. ಬರೆದುಕೊಂಡು ಹೋದ ಸಂಭಾಷಣೆಯನ್ನು ನೋಡಿ ಮಡಚಿ ಕೆಳಗಿಟ್ಟರು. “ಬರೆದದ್ದನ್ನು ಓದುವ ಅಭ್ಯಾಸ ನಮಗಿಲ್ಲ. ನೀವು ಪ್ರಸಂಗ ಹೇಳಿ, ಮಾತು ನಾನು ಕೊಡ್ತೇನೆ” ಅಂದರು. ಜೈಲಿನ ನಿಯಮಾವಳಿ ಇದ್ದ ಆ ಪುಸ್ತಕವನ್ನೇ ಕೊಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದರು: “ಅಯ್ಯಾ ಕೈದಿಯೇ, ತಮ್ಮ ಎದೆಬಡಿತ ಇಂದು ತುಸು ಅವಸರದಲ್ಲಿದೆಯಲ್ಲ. ನಮ್ಮಿಂದ ಮರೆಮಾಚುವಂಥದ್ದು ತಮ್ಮಲ್ಲಿ ಏನಾದರೂ ಉಂಟೇ? ಇದ್ದರೆ ಹೇಳಬೇಕಿಲ್ಲ, ನಾವೇ ತಿಳಿದುಕೊಳ್ಳುತ್ತೇವೆ.” ರೆಕಾರ್ಡರ್ ಹಿಡಿದಿದ್ದ ನನ್ನ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಆ ಮರ್ಯಾದೆಯೇ ಹೆದರಿಕೆ ಹುಟ್ಟಿಸುವಂತಿತ್ತು. ಆಮೇಲೆ ಆ ಧ್ವನಿಯನ್ನು ಕೋಲ್ಡ್ ರೂಮಿನಲ್ಲಿ ಸ್ಪೀಕರ್ ಇಟ್ಟು ನುಡಿಸಿ, ಇನ್ನೊಂದು ಮೂಲೆಯಿಂದ ಮತ್ತೆ ರೆಕಾರ್ಡ್ ಮಾಡಿಕೊಂಡೆ. ತಗಡಿನ ಗೋಡೆಯ ಮಾರ್ದನಿ ಅದಕ್ಕೆ ತಾನಾಗಿ ಸೇರಿತು.

ಮಳೆಯ ಸದ್ದಿನ ಜೊತೆ ಜಗಳಕ್ಕೆ ಹೋಗಲಿಲ್ಲ. ಶೀಟಿನ ಮಾಡಿನ ಮೇಲೆ ಹೊಯ್ಯುವ ಮಳೆಯ ಎದುರು ಯಾವ ಮೈಕೂ ನಿಲ್ಲುವುದಿಲ್ಲ, ಮಾತೆಲ್ಲ ಡಬ್ಬಿಂಗ್ ಎಂದು ಮೊದಲೇ ನಿರ್ಧಾರವಾಗಿತ್ತು. ಆದರೆ ಮಳೆಯನ್ನೂ ರೆಕಾರ್ಡ್ ಮಾಡಿಟ್ಟುಕೊಂಡೆ. ಅದರ ಮೇಲುಸ್ವರಗಳನ್ನೆಲ್ಲ ಫಿಲ್ಟರ್ ಹಾಕಿ ಕತ್ತರಿಸಿದರೆ ಉಳಿಯುವುದು ನೆಲದಡಿ ಯಾವುದೋ ದೊಡ್ಡ ಯಂತ್ರ ಓಡುತ್ತಿರುವಂಥ ಗುಂಯ್‌ಗುಡುವಿಕೆ. ಚಿತ್ರದ ಉದ್ದಕ್ಕೂ ಕೇಳುವ ಜೈಲಿನ ಸದ್ದು ಅದೇ. ಕೈದಿ ಹೊರಬಿದ್ದ ಕ್ಷಣ ಫಿಲ್ಟರ್ ತೆಗೆದುಬಿಟ್ಟೆ, ಅಷ್ಟೂ ಹೊತ್ತು ಕೇಳಿದ್ದು ಮಳೆ ಎಂದು ಆಗ ತಿಳಿಯುತ್ತದೆ.

ಕೈದಿಯ ಪಾತ್ರಕ್ಕೆ ಬಂದವನು ಮೇಳದ ಹುಡುಗ, ಚುರುಕಿನ ತರುಣ ವೀರರ ಪಾತ್ರವಾದ ಪುಂಡುವೇಷ ಕಟ್ಟುವವನು. ಗದ್ದೆಯ ಆ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಕಾಣಬೇಕು ಎಂದು ಕಲಿತ ಮೈ ಅದು, ಹುಬ್ಬು ಹಾರಿಸಿದರೂ ಪರದೆ ತುಂಬುತ್ತಿತ್ತು. ಅದನ್ನು ತಿದ್ದಲು ಹೋಗುವ ಬದಲು ಮುಖ ಬಿಟ್ಟು ಕೈ ತೋರಿಸಿದೆ. ಅಂಗಿಯ ತುದಿಯಿಂದ ಕನೆಕ್ಟರ್ ಒರೆಸುವ ಹೆಬ್ಬೆರಳು, ಕನೆಕ್ಟರಿನ ತಿರುಪಿನ ಸಂದಿನಲ್ಲಿ ಹಸಿರು ಪುಡಿ, ಇನ್ನೊಂದು ಸುತ್ತು ಒರೆಸಬೇಕಾದಲ್ಲಿ ಅರ್ಧಕ್ಕೇ ನಿಲ್ಲುವ ಬೆರಳು. ಪ್ರತಿ ಹಗಲಿಗೂ ಈ ಶಾಟ್ ಒಮ್ಮೆ ಬರುತ್ತದೆ, ಪ್ರತಿ ಸಲವೂ ಒರೆಸುವುದು ಒಂದಿಷ್ಟು ಮೊದಲೇ ನಿಲ್ಲುತ್ತದೆ. ಕಿಲುಬಿಗೆ ಹಿತ್ತಾಳೆಯನ್ನು ಉಪ್ಪು, ಹುಣಸೆಹುಳಿ ನೀರಿನಲ್ಲಿ ಅದ್ದಿ ಒಣಗಲು ಬಿಟ್ಟೆವು. ಹುಳಿ ಒರೆಸಿದರೆ ಹೊಳಪು, ಒರೆಸದೆ ಬಿಟ್ಟರೆ ಹಸಿರು. ದೀಪ ತಿಕ್ಕುವ ಯಾವ ಅಮ್ಮನನ್ನು ಕೇಳಿದರೂ ಹೇಳುತ್ತಾರೆ.

ಉಡುಪಿಯ ಒಂದು ಸಣ್ಣ ಹಾಲಿನಲ್ಲಿ ಪರಿಚಿತರನ್ನು ಕೂರಿಸಿ ತೋರಿಸಿದಾಗ ಅರ್ಧಕ್ಕಿಂತ ಹೆಚ್ಚಿನವರು ದಾರಿ ಯಾವುದೆಂದು ಕೊನೆಯವರೆಗೂ ಗುರುತಿಸಲಿಲ್ಲ. ಮೊದಲು ಗುರುತಿಸಿದವರು ಹಿಂದಿನ ಸಾಲಿನಲ್ಲಿದ್ದ ಬೋಟ್ ಮೆಕ್ಯಾನಿಕ್ ಒಬ್ಬರು. ಎರಡನೇ ಸಲ ಕನೆಕ್ಟರ್ ಕಂಡದ್ದೇ ಅವರು ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿತು: “ಇದಕ್ಕೆ ಗ್ರೀಸ್ ಹಾಕದಿದ್ರೆ ಹೋಯ್ತು, ಮಾರಾಯ.” ಆಮೇಲೆ ನನ್ನನ್ನು ಹಿಡಿದು ನಿಲ್ಲಿಸಿ, ಅಷ್ಟು ದೊಡ್ಡ ಜೈಲು ಕಟ್ಟಿದವರಿಗೆ ಒಂದು ಡಬ್ಬಿ ಗ್ರೀಸ್ ತರಿಸಲಿಕ್ಕೆ ಆಗಲಿಲ್ಲವಾ ಎಂದು ಕೇಳಿದರು. ನಿಯಮಾವಳಿಯಲ್ಲಿ ಅದಕ್ಕೂ ಉತ್ತರವಿತ್ತು: ಗ್ರೀಸಿನ ಬಿಲ್ಲು ಮೂರು ಸಹಿಗೆ ಕಾಯುತ್ತಿದೆ. ಸಿನಿಮಾದಲ್ಲಿ ಹಾಕಿರಲಿಲ್ಲ. ಈಗ ಎಡಿಟ್ ತೆರೆದು, ಗೋಡೆಯ ಪರದೆಯೊಂದರ ಮೂಲೆಯಲ್ಲಿ ಆ ಬಿಲ್ಲನ್ನು ಸೇರಿಸುತ್ತಿದ್ದೇನೆ.