ಪಕ್ಕಕ್ಕೆ ಹಿಡಿಯಬೇಕು, ನೆತ್ತಿಗೆ ಹಿಡಿಯಬಾರದು: ಮಾದರಿ ರೈಲು ಹಳಿಗೆ ಬಣ್ಣ ಹಚ್ಚುವುದು ಹೇಗೆ?

ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಮಾದರಿ ರೈಲಿನ ಹಳಿ ಮೇಲಿಂದ ಕೆಳಗಿನವರೆಗೂ ಫಳಫಳ ಹೊಳೆಯುತ್ತದೆ. ನಿಜವಾದ ಹಳಿ ಹಾಗಿರುವುದಿಲ್ಲ ಅಲ್ವಾ? ಅಲ್ಲಿ ಹೊಳೆಯುವುದು ಗಾಲಿ ಉರುಳುವ ನೆತ್ತಿ ಮಾತ್ರ. ಪಕ್ಕಗಳೆಲ್ಲ ತುಕ್ಕು, ಎಣ್ಣೆ, ಬ್ರೇಕಿನ ಪುಡಿ ಸೇರಿ ಕಡುಕಂದಾಗಿರುತ್ತವೆ. ಪುಟಾಣಿ ಹಳಿಯ ಪಕ್ಕಕ್ಕೂ ಅಂಥದೇ ಬಣ್ಣ ಬಿದ್ದರೆ ಇಡೀ ಲೇಔಟ್‌ನ (ಹಲಗೆಯ ಮೇಲೆ ಹಾಸಿದ ಪುಟಾಣಿ ರೈಲುಮಾರ್ಗದ) ಚಹರೆಯೇ ಬದಲಾಗುತ್ತದೆ. ಹಳಿ ತೆಳ್ಳಗೆ ಕಾಣುತ್ತದೆ, ಆಟಿಕೆಯ ಕಳೆ ಹೋಗುತ್ತದೆ.

ತೊಂದರೆ ಏನೆಂದರೆ ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಉಗುರು ತಾಗಿದರೆ ಸಾಕು, ಪದರ ಪದರವಾಗಿ ಎದ್ದು ಬರುತ್ತದೆ. ಇದರಲ್ಲಿ ಬಣ್ಣದ ತಪ್ಪು ಕಡಿಮೆ. ಈಗಿನ ಹಳಿಗಳಲ್ಲಿ ಹೆಚ್ಚಿನವು ನಿಕಲ್ ಸಿಲ್ವರ್‌ನವು. ಇದರಲ್ಲಿ ಜಾಸ್ತಿ ಇರುವುದು ತಾಮ್ರ, ಜೊತೆಗೆ ನಿಕಲ್ ಮತ್ತು ಸತು. ಅಚ್ಚಿನಿಂದ ಎಳೆದು ತೆಗೆದ ಈ ಲೋಹದ ಮೈ ತುಂಬಾ ನುಣುಪು. ಅದರ ಮೇಲೆ ತಯಾರಿಕೆಯ ಎಣ್ಣೆಯೂ ತುಸು ಉಳಿದಿರುತ್ತದೆ, ನಮ್ಮ ಬೆರಳಿನ ಜಿಡ್ಡೂ ಸೇರುತ್ತದೆ. ಬಣ್ಣ ಕೂತಿರುವುದು ಲೋಹದ ಮೇಲಲ್ಲ, ಈ ಜಿಡ್ಡಿನ ಮೇಲೆ.

ಇನ್ನೊಂದು ತೊಡಕೂ ಇದೆ. ಮಾದರಿ ಹಳಿಯ ಎತ್ತರವನ್ನು ಕೋಡ್ ಸಂಖ್ಯೆಯಿಂದ ಗುರುತಿಸುತ್ತಾರೆ. ಕೋಡ್ 100 ಹಳಿಯ ಎತ್ತರ 2.54 ಮಿಲಿಮೀಟರ್. ಕೋಡ್ 75 ಆದರೆ 1.9 ಮಿಲಿಮೀಟರ್ ಅಷ್ಟೇ. ಇಷ್ಟು ಜಾಗದಲ್ಲಿ ಪಕ್ಕಕ್ಕೆ ಬಣ್ಣ ಗಟ್ಟಿಯಾಗಿ ಹಿಡಿಯಬೇಕು, ನೆತ್ತಿಗೆ ಚೂರೂ ಹಿಡಿಯಬಾರದು. ಇಂಜಿನ್‌ಗೆ ಕರೆಂಟ್ ಹೋಗುವುದು ನೆತ್ತಿಯಿಂದ. ಆದ್ದರಿಂದ ಪಕ್ಕದಿಂದ ಜಿಡ್ಡನ್ನು ಓಡಿಸುವುದು, ಸ್ಪ್ರೇ ಹೊಡೆಯುವುದಾದರೆ ನೆತ್ತಿಗೆ ಬೇಕೆಂದೇ ಜಿಡ್ಡು ಸವರುವುದು, ಎರಡೂ ಈ ಕೆಲಸದಲ್ಲಿ ಸೇರಿವೆ.

ಮೊದಲು ತೊಳೆಯಿರಿ

ಹಳಿ ಇನ್ನೂ ಬಿಡಿಯಾಗಿರುವಾಗಲೇ ತೊಳೆಯಬೇಕು. ಹಲಗೆಗೆ ಅಂಟಿಸಿದ ಮೇಲೆ ನಲ್ಲಿ ಕೆಳಗೆ ಹಿಡಿಯಲು ಆಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಳಿ, ಅದರಡಿಯ ಅಡ್ಡಪಟ್ಟಿಗಳಾದ ಸ್ಲೀಪರ್ ಎರಡನ್ನೂ ಉಜ್ಜಿ. ಸ್ಲೀಪರ್ ಪ್ಲಾಸ್ಟಿಕ್‌ನದು, ಅದಕ್ಕೂ ಅಚ್ಚಿನ ಜಿಡ್ಡು ಅಂಟಿರುತ್ತದೆ. ಹಳಿಯನ್ನು ಹಿಡಿದಿರುವ ಪುಟ್ಟ ಹಿಡಿಕೆಗಳ ಸಂದಿಗೆ ಬ್ರಷ್ ಹೋಗಲೇಬೇಕು. ಆಮೇಲೆ ಚೆನ್ನಾಗಿ ಜಾಲಿಸಿ. ಸೋಪು ಉಳಿದರೂ ಬಣ್ಣ ಹಿಡಿಯುವುದಿಲ್ಲ.

ಸ್ವಚ್ಛವಾಯಿತೋ ಇಲ್ಲವೋ ಎಂದು ನೀರೇ ಹೇಳುತ್ತದೆ. ಜಾಲಿಸಿದ ಹಳಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪಕ್ಕದ ಮೇಲೆ ನೀರು ಒಂದೇ ಸಮ ತೆಳುವಾಗಿ ಹರಡಿದ್ದರೆ ಜಿಡ್ಡು ಹೋಗಿದೆ. ನೀರು ಅಲ್ಲಲ್ಲಿ ಬಿರಿದು, ಕೆಸುವಿನ ಎಲೆಯ ಮೇಲಿನಂತೆ ಗುಂಡು ಗುಂಡಾಗಿ ನಿಂತಿದ್ದರೆ ಅಲ್ಲಿ ಜಿಡ್ಡಿದೆ, ಇನ್ನೊಮ್ಮೆ ಉಜ್ಜಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೂ ತುಂಬಾ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿಕೊಳ್ಳಿ. ಮೋಟಾರ್ ಅಥವಾ ಸ್ವಿಚ್ ಕೂಡಿಸಿದ ಪಾಯಿಂಟ್‌ಗಳನ್ನು (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಕವಲುಗಳನ್ನು) ನೀರಿಗೆ ಹಾಕಬಾರದು. ಅವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಪೇಂಟ್ ಥಿನ್ನರ್, ಅಸಿಟೋನ್ ಮಾತ್ರ ಬೇಡ, ಸ್ಲೀಪರ್ ಕರಗಿಹೋಗಬಹುದು.

ಬಗ್ಗಿಸಿ, ಬೆಸೆದು, ಆಮೇಲೆ ಬಣ್ಣ

ತೊಳೆದ ಕೂಡಲೇ ಬಣ್ಣ ಹಚ್ಚುವ ಆತುರ ಬೇಡ. ಬಗ್ಗುವ ಹಳಿಯನ್ನು ತಿರುವಿಗೆ ಬಗ್ಗಿಸಿದಾಗ ಲೋಹ ಆ ಪ್ಲಾಸ್ಟಿಕ್ ಹಿಡಿಕೆಗಳೊಳಗೆ ಜಾರುತ್ತದೆ. ಮೊದಲೇ ಬಣ್ಣ ಹಚ್ಚಿದ್ದರೆ ಪ್ರತಿ ಹಿಡಿಕೆಯ ಬಳಿಯೂ ಅದು ಕೆರೆದುಹೋಗಿ ಹೊಳೆಯುವ ಗೆರೆ ಕಾಣುತ್ತದೆ. ಅದಕ್ಕೇ ಮೊದಲು ಹಳಿ ಹಾಸಿ, ಹಳಿಗಳ ತುದಿಗಳನ್ನು ಜೋಡಿಸುವ ಜಾಯಿನರ್ ಕೂಡಿಸಿ, ಕರೆಂಟ್ ವೈರ್‌ಗಳನ್ನು ಸೋಲ್ಡರ್ ಮಾಡಿ, ಇಂಜಿನ್ ಓಡಿಸಿ ನೋಡಿ. ಎಲ್ಲ ಸರಿಯಿದ್ದರೆ ಮಾತ್ರ ಬಣ್ಣದ ಸರದಿ. ಜಲ್ಲಿ ಸುರಿಯುವುದು ಅದಾದ ಮೇಲೆ. ಬಗ್ಗದ ಹಳಿಗಳಿಗೆ ಈ ಕಟ್ಟುಪಾಡಿಲ್ಲ, ಮೇಜಿನ ಮೇಲೇ ಬಣ್ಣ ಹಚ್ಚಬಹುದು. ಆದರೆ ಜಾಯಿನರ್ ಕೂರುವ ತುದಿಗಳಿಗೆ ಟೇಪ್ ಸುತ್ತಿಡಿ. ಅಲ್ಲಿ ಬಣ್ಣ ಬಿದ್ದರೆ ಕರೆಂಟ್ ದಾಟುವುದಿಲ್ಲ.

ಸೋಲ್ಡರ್ ಮಾಡಿದ ಜಾಗದಲ್ಲಿ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ರಾಸಾಯನಿಕ) ಬಣ್ಣದ ದೊಡ್ಡ ವೈರಿ. ಅದರ ಮೇಲಿನ ಬಣ್ಣ ಉಬ್ಬಿ ಏಳುತ್ತದೆ. ಆಸಿಡ್ ಇರುವ ಫ್ಲಕ್ಸ್ ಆದರೆ ಕೆಲವು ವಾರಗಳಲ್ಲಿ ಹಸಿರು ಕಿಲುಬೂ ಕಾಣಿಸಿಕೊಳ್ಳಬಹುದು, ಲೋಹದಲ್ಲಿ ತಾಮ್ರ ಇದೆಯಲ್ಲ. ಒದ್ದೆ ಬ್ರಷ್‌ನಿಂದ ಉಜ್ಜಿ ತೆಗೆದು, ಕೊನೆಗೆ ಇಡೀ ಹಳಿಯ ಪಕ್ಕಗಳನ್ನು ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಿ. ಈ ಹೊತ್ತಿನಲ್ಲಿ ಲೇಔಟ್‌ನ ಕರೆಂಟ್ ಪೂರ್ತಿ ಆಫ್ ಆಗಿರಲಿ. ಆಲ್ಕೋಹಾಲ್ ಆವಿಗೆ ಒಂದು ಕಿಡಿ ಸಾಕು.

ಪ್ರೈಮರ್

ಬರಿಯ ಲೋಹದ ಮೇಲೆ ನೇರವಾಗಿ ಅಕ್ರಿಲಿಕ್ ಬಣ್ಣ ಹಚ್ಚಿದರೆ ಅದು ಸಲೀಸಾಗಿ ಸುಲಿದು ಬರುತ್ತದೆ. ಎನಾಮಲ್ ಸ್ವಲ್ಪ ವಾಸಿ. ಗಟ್ಟಿ ಹಿಡಿತ ಬೇಕಾದರೆ ಬಣ್ಣಕ್ಕೆ ಮೊದಲು ಸೆಲ್ಫ್ ಎಚಿಂಗ್ ಪ್ರೈಮರ್ ಎಂಬ ತಳಪದರ ಹಾಕಿ. ಈ ಬಗೆಯ ಪ್ರೈಮರ್‌ಗಳಲ್ಲಿ ಸಾಮಾನ್ಯವಾಗಿ ಫಾಸ್ಫರಿಕ್ ಆಸಿಡ್ ಇರುತ್ತದೆ. ಅದು ಲೋಹದ ಮೈಯನ್ನು ತುಸುವೇ ಕಚ್ಚಿ, ಮೇಲಿನ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಉಳಿದ ತುಂಡೊಂದರ ಮೇಲೆ ಮೊದಲು ಹಾಕಿ, ಸ್ಲೀಪರ್ ಮೆತ್ತಗಾಗುತ್ತದೆಯೇ ನೋಡಿಕೊಳ್ಳಿ.

ಸ್ಪ್ರೇ ಡಬ್ಬಿಯಾದರೆ 20ರಿಂದ 30 ಸೆಂಟಿಮೀಟರ್ ದೂರದಿಂದ, ಓರೆಯಾಗಿ, ಸರಸರನೆ ಕೈಯಾಡಿಸಿ. ಒಂದೇ ಸಲಕ್ಕೆ ಮುಚ್ಚಲು ಹೋಗಬೇಡಿ, ಲೋಹ ಇನ್ನೂ ಇಣುಕುವಷ್ಟು ತೆಳುವಾಗಿದ್ದರೆ ಸರಿ. ಗಾಳಿಯಾಡುವ ಜಾಗದಲ್ಲಿ, ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡೇ ಮಾಡಿ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಬ್ರಷ್‌ನಿಂದ ಹಚ್ಚುವ ಪ್ರೈಮರ್ ಕೂಡ ಸಿಗುತ್ತದೆ. ಲೇಔಟ್ ಮನೆಯೊಳಗಿದ್ದರೆ ಅದೇ ಒಳ್ಳೆಯದು.

ಸ್ಪ್ರೇ ಹೊಡೆಯುವ ಮೊದಲು ನೆತ್ತಿಗೆ ಬೆರಳ ತುದಿಯಿಂದ ಹಗುರ ಮೆಶಿನ್ ಎಣ್ಣೆಯನ್ನು ಬಲು ತೆಳುವಾಗಿ ಸವರಿ. ಆಮೇಲೆ ಅಲ್ಲಿನ ಬಣ್ಣ ಸುಲಭವಾಗಿ ಒರೆಸಿಹೋಗುತ್ತದೆ. ಎಣ್ಣೆ ಪಕ್ಕಕ್ಕೆ ಇಳಿದರೆ ಮಾತ್ರ ತೊಳೆದದ್ದೆಲ್ಲ ದಂಡ. ಬ್ರಷ್‌ನಲ್ಲಿ ಹಚ್ಚುವವರಿಗೆ ಈ ಎಣ್ಣೆ ಬೇಕಿಲ್ಲ.

ಬಣ್ಣ

ತುಕ್ಕು ಎಂದರೆ ಕಿತ್ತಳೆ ಬಣ್ಣ ಎಂದುಕೊಂಡು ಶುರುಮಾಡುವವರೇ ಹೆಚ್ಚು. ರೈಲುಗಳು ಸದಾ ಓಡುವ ಮುಖ್ಯ ಹಳಿ ಕಪ್ಪುಮಿಶ್ರಿತ ಕಂದು. ಬಳಕೆ ಕಡಿಮೆಯಿರುವ ಸೈಡಿಂಗ್‌ನಲ್ಲಿ (ಪಕ್ಕದ ಹಳಿಯಲ್ಲಿ) ಮಾತ್ರ ತಿಳಿತುಕ್ಕು ಎದ್ದು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣವನ್ನೇ ಆರಿಸಿ.

ಕಿರಿದಾದ ಚಪ್ಪಟೆ ಬ್ರಷ್‌ಗೆ ಸ್ವಲ್ಪವೇ ಬಣ್ಣ ತೆಗೆದುಕೊಂಡು ಹಳಿಯ ಉದ್ದಕ್ಕೂ ಎಳೆಯಿರಿ. ಹಿಡಿಕೆಗಳಿಗೂ ಅದೇ ಬಣ್ಣ ತಾಗಲಿ, ಅವೂ ಹಳಿಯ ಭಾಗದಂತೆಯೇ ಕಾಣಬೇಕು. ಒಂದು ಗೇಣಿನಷ್ಟು ಹಚ್ಚಿ ನಿಲ್ಲಿಸಿ. ಬಟ್ಟೆ ಸುತ್ತಿದ ಮರದ ಚೂರಿನಿಂದ ನೆತ್ತಿಯನ್ನು ಒರೆಸಿ ಮುಂದೆ ಹೋಗಿ. ಹಸಿ ಇರುವಾಗ ಒಂದೇ ಎಳೆತಕ್ಕೆ ಹೋಗುವ ಬಣ್ಣವನ್ನು ಒಣಗಿದ ಮೇಲೆ ಕೆರೆಯಬೇಕಾಗುತ್ತದೆ. ಕೆರೆಯುವಾಗ ಒರಟು ಸ್ಯಾಂಡ್ ಪೇಪರ್ ಬಳಸಬೇಡಿ. ಅದು ಬಿಡುವ ಗೀರುಗಳಲ್ಲಿ ಕೊಳೆ ಕೂತು ಇಂಜಿನ್ ತಡವರಿಸುತ್ತದೆ. ನೆತ್ತಿಯ ಒಳಅಂಚನ್ನೂ ಮರೆಯಬೇಡಿ, ಗಾಲಿ ಅಲ್ಲಿಗೂ ತಾಗುತ್ತದೆ.

ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳುವಾಗಿ ಎರಡು ಸಲ ಹಚ್ಚಿ. ಎನಾಮಲ್ ಆದರೆ ನಡುವೆ ಒಂದು ದಿನ ಬಿಡಿ. ಮುಟ್ಟಿದರೆ ಅಂಟುವುದಿಲ್ಲ ಅಂದಮಾತ್ರಕ್ಕೆ ಒಳಗೂ ಗಟ್ಟಿಯಾಗಿದೆ ಎಂದಲ್ಲ. ಜಲ್ಲಿಯ ಅಂಟುನೀರು ಹಾಕುವ ಮುನ್ನ ಕೆಲವು ದಿನ ಸುಮ್ನೆ ಬಿಟ್ಟುಬಿಡಿ.

ಪಾಯಿಂಟ್‌ಗಳ ಹತ್ತಿರ ನಿಧಾನ. ಸರಿದಾಡುವ ನಾಲಿಗೆ ಪಕ್ಕದ ಹಳಿಗೆ ತಾಗುವ ಎರಡೂ ಮುಖಗಳಿಗೆ, ಅದು ತಿರುಗುವ ಕೀಲಿಗೆ ಬಣ್ಣ ಬೀಳಬಾರದು. ಇಲ್ಲಿ ನಾನು ಸ್ಪ್ರೇ ಒಪ್ಪುವುದೇ ಇಲ್ಲ. ಸಣ್ಣ ಬ್ರಷ್‌ನಲ್ಲಿ ಹೊರಮೈಗೆ ಮಾತ್ರ ಹಚ್ಚಿ, ಒಣಗುವಾಗ ನಾಲಿಗೆಯನ್ನು ಆಗಾಗ ಅತ್ತಿತ್ತ ಸರಿಸುತ್ತಿರಿ. ಇಲ್ಲದಿದ್ದರೆ ಅದು ಅಂಟಿಕೊಂಡು ಕೂರುತ್ತದೆ.

ಹಿಡಿದಿದೆಯೇ ನೋಡಿ

ಇಡೀ ಲೇಔಟ್‌ಗೆ ಕೈಹಾಕುವ ಮೊದಲು ಒಂದು ತುಂಡು ಹಳಿಯ ಮೇಲೆ ಇದನ್ನೆಲ್ಲ ಮಾಡಿ, ಪೂರ್ತಿ ಒಣಗಿಸಿ. ಪಕ್ಕಕ್ಕೆ ಮಾಸ್ಕಿಂಗ್ ಟೇಪ್ ಒತ್ತಿ ಹಚ್ಚಿ ಪಟ್ಟನೆ ಕೀಳಿ. ಟೇಪಿಗೆ ಏನೂ ಬರದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಬಣ್ಣ ಬಂದು ಪ್ರೈಮರ್ ಹಳಿಯಲ್ಲೇ ಉಳಿದರೆ ಅವೆರಡಕ್ಕೆ ಹೊಂದಿಕೆಯಾಗಿಲ್ಲ, ಇಲ್ಲವೇ ನಡುವೆ ಧೂಳು ಕೂತಿದೆ. ಪ್ರೈಮರ್ ಸಮೇತ ಎದ್ದು ಬಂದು ಲೋಹ ಹೊಳೆದರೆ ತೊಳೆದದ್ದು ಸಾಲದು, ಮತ್ತೆ ನಲ್ಲಿಯ ಹತ್ತಿರ ಹೋಗಿ.